ಗದ್ದೆಯಲ್ಲಿದ್ದವರ ಸಹಿ

ನೇರಲಜಡ್ಡಿ ಎಂಬ ಊರಿನ ಹೆಸರು ಈ ಲೋಕದಲ್ಲಿ ಬರೆದಿರುವುದು ಒಂದೇ ಕಡೆ, ಮುಚ್ಚಿಹೋದ ಕಿರಿಯ ಪ್ರಾಥಮಿಕ ಶಾಲೆಯ ಗೋಡೆಯ ಮೇಲೆ. ಸಿದ್ದಾಪುರದಿಂದ ಬರುವ ಬಸ್ಸಿನ ಬೋರ್ಡಿನಲ್ಲಿ ಅದಿಲ್ಲ. ಆಧಾರ್ ಕಾರ್ಡಿನಲ್ಲಿ ಇಲ್ಲ. ಪಂಚಾಯ್ತಿಯ ಕಾಗದದಲ್ಲಂತೂ ಇಲ್ಲವೇ ಇಲ್ಲ. ಅಲ್ಲೆಲ್ಲ ಮೂರು ಕಿಲೋಮೀಟರ್ ಆಚೆಯ ಕೆಳಗಿನಸರದ ಹೆಸರೇ ನಡೆಯುತ್ತದೆ. ಇಪ್ಪತ್ತೆರಡು ಮನೆಗೆ ಬೇರೆ ಹೆಸರು ಯಾಕೆ ದಂಡ ಎಂದು ಯಾರೋ ಸಾಹೇಬರಿಗೆ ಅನ್ನಿಸಿರಬೇಕು.

ಮಕ್ಕಳು ಮೂರಕ್ಕೆ ಇಳಿದಾಗ ಶಾಲೆಗೆ ಬೀಗ ಬಿತ್ತು. ಅದಾಗಿ ಆರು ವರ್ಷ. ಬೀಗದ ಕೈ ಮಾತ್ರ ಪಂಚಾಯ್ತಿ ವಾಟರ್‌ಮನ್ ಸುನೀಲನ ಮನೆಯ ಗೂಟದಲ್ಲಿ ಉಳಿಯಿತು, ಏಕೆಂದರೆ ನೀರಿನ ಟ್ಯಾಂಕು ಶಾಲೆಯ ಹಿಂದೆಯೇ ಇತ್ತು. ಅವನ ಮಗಳು ತನುಜಾ ಶಿರಸಿಯ ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಸಂಜೆ ಬಸ್ಸಿಳಿದವಳೇ ಶಾಲೆಯ ಬಾಗಿಲು ತೆಗೆಯುತ್ತಿದ್ದಳು. ಮೇಲಿನ ತರಗತಿಯವರೂ ಸೇರಿ ಕೇರಿಯ ಎಂಟು ಹತ್ತು ಮಕ್ಕಳು ಅಲ್ಲಿ ಕೂತು ಮನೆಪಾಠ ಬರೆಯುತ್ತಿದ್ದವು. ಪಕ್ಕದ ಮನೆಯ ಕಿರಣ ಪೊಲೀಸ್ ಪರೀಕ್ಷೆಗೆ ಓದುತ್ತ ಒಂದು ಮೂಲೆ ಹಿಡಿದಿದ್ದ. ಕೇರಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದೂ ಆ ಜಗುಲಿಯ ಮೇಲೆ ಮಾತ್ರ, ಹಾಗಾಗಿ ಓದುವ ಮನಸ್ಸಿಲ್ಲದವರೂ ಭಕ್ತಿಯಿಂದ ಬರುತ್ತಿದ್ದರು.

ದಸರೆಯ ಮಾರನೆಯ ಬೆಳಿಗ್ಗೆ ಸುನೀಲನ ತಾಯಿ ದುರ್ಗಿ ಭೂಮಿ ಹುಣ್ಣಿಮೆಯ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಲು ಇಟ್ಟಿದ್ದಳು. ಗದ್ದೆಯ ಭತ್ತ ತೆನೆ ಕಟ್ಟುವ ಹೊತ್ತಿಗೆ ಭೂಮಿತಾಯಿ ಬಸುರಿ. ಬಸುರಿಗೆ ಬಯಕೆಯ ಊಟ ಹೊತ್ತು ಹೋಗುವ ಬುಟ್ಟಿ ಅದು. ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆ ಎಳೆಯುವುದು ಈಗ ಮೊಮ್ಮಗಳ ಕೆಲಸ, ಅಜ್ಜಿಯ ಕೈ ನಡುಗುತ್ತದೆ. ತನುಜಾ ಪುಂಡಿನಾರಿನ ಕುಂಚ ಹಿಡಿದು ಕೂತಿದ್ದಾಗ ಸುನೀಲ ನೀರು ಬಿಟ್ಟು ಬಂದು, ಒಂದು ಕಟ್ಟು ನೋಟೀಸನ್ನು ಪಕ್ಕಕ್ಕಿಟ್ಟು ರೊಟ್ಟಿಗೆ ಕೂತ.

"ಎಂತದು ಅಪ್ಪ ಅದು?"

"ಗ್ರಾಮಸಭೆ. ಮನೆಮನೆಗೆ ಹಂಚ್‌ಬೇಕು."

ತನುಜಾ ಒಂದನ್ನು ಎತ್ತಿ ಓದಿದಳು. ಓದುತ್ತ ಓದುತ್ತ ಅವಳ ಹುಬ್ಬು ಗಂಟಾಯಿತು. "ಏಳನೇ ತಾರೀಕು ಅಂದ್ರೆ ಭೂಮಿ ಹುಣ್ಣಿಮೆ ದಿನ ಅಲ್ದಾ? ಅವತ್ತು ಯಾರು ಹೋತಾರೆ ಸಭೆಗೆ?"

"ಸರ್ಕಾರಿ ರಜೆ ಅದೆ ಅವತ್ತು. ರಜೆ ದಿನ ಜನಕ್ಕೆ ಬಿಡುವು ಇರ್ತದೆ ಅಂತ ಇಟ್ಟಿದಾರೆ."

"ವರ್ಷದಾಗೆ ಒಂದಿನ ಇಡೀ ಕೇರಿಗೆ ಬಿಡುವಿಲ್ಲ ಅಂದ್ರೆ ಅದು ಅವತ್ತೇಯ," ಎಂದು ಒಲೆಯ ಬುಡದಿಂದ ಮಮತಾ ಗಂಡನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ತನುಜಾ ಮುಂದೆ ಓದಿದಳು. "ಇಲ್ಲಿ ನೋಡು. ವಿಷಯ ನಾಲ್ಕು. ಕೆಳಗಿನಸರ ಗ್ರಾಮದ ನಿರುಪಯುಕ್ತ ಶಾಲಾ ಕಟ್ಟಡವನ್ನು ಕಸ ವಿಂಗಡಣೆ ಘಟಕಕ್ಕೆ ಬಳಸಿಕೊಳ್ಳುವುದು. ಇದು ನಮ್ಮ ಶಾಲೆ. ನಿರುಪಯುಕ್ತ ಅಂತೆ."

"ಹೌದು," ಎಂದ ಸುನೀಲ ರೊಟ್ಟಿಯಿಂದ ಕಣ್ಣೆತ್ತದೆ.

"ನಿಂಗೆ ಮೊದ್ಲೇ ಗೊತ್ತಿತ್ತು."

"ಗೊತ್ತಿದ್ರೆ? ನಾನು ನೀರು ಬಿಡೋನು ಮಗಾ, ಸಭೆ ಮಾಡೋನಲ್ಲ. ನನ್ನ ಕಾಯಂ ಮಾಡೋ ಫೈಲು ತಾಲೂಕಿನಾಗೆ ಕೂತದೆ. ಈಗ ನೀನು ಎದ್ದು ನಿಂತು ಭಾಷಣ ಮಾಡಿದ್ರೆ ಆ ಫೈಲು ಅಲ್ಲೇ ಮಲಗ್ತದೆ."

ಮೂಲೆಯಲ್ಲಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅಜ್ಜ ಚೌಡ ಬಾಯಿ ಹಾಕಿದ. "ತನು, ಪಂಚಾಯ್ತಿ ಜೊತೆ ಜಗಳ ಬ್ಯಾಡ. ಗೇಣಿ ಮಾಡ್ತಿದ್ದ ಗದ್ದೆ ನಮ್ಮಪ್ಪನ ಹೆಸ್ರಿಗೆ ಬಂದದ್ದು ಸರ್ಕಾರದಿಂದ. ನಿಮ್ಮಪ್ಪಂಗೆ ಕೆಲಸ ಕೊಟ್ಟದ್ದೂ ಅವ್ರೇಯ. ಉಪ್ಪು ತಿಂದ ಮನೆ ಇದು."

"ಆ ಶಾಲೆಗೆ ಚಿರೆಕಲ್ಲು ಹೊತ್ತದ್ದು ಯಾರು ಅಜ್ಜ?"

"ನಾವೇ ಹೊತ್ತದ್ದು. ಅದ್ಕೆಂತ ಈಗ?" ಎಂದ ಚೌಡ. ಇನ್ನೊಂದು ಮೊಣಕಾಲಿಗೆ ಎಣ್ಣೆ ಹಚ್ಚಿದ.

ಆ ಮಧ್ಯಾಹ್ನವೇ ತನುಜಾ ಮತ್ತು ಕಿರಣ ಒಂದು ಅರ್ಜಿ ಬರೆದುಕೊಂಡು ಕೆಳಗಿನಸರಕ್ಕೆ ಹೋದರು. ಪಿ.ಡಿ.ಒ. ಮೇಡಂ ಇರಲಿಲ್ಲ, ಅವರಿಗೆ ಮೂರು ಪಂಚಾಯ್ತಿಯ ಚಾರ್ಜು, ಯಾವ ದಿನ ಎಲ್ಲಿ ಎಂದು ಅವರಿಗೇ ಸರಿಯಾಗಿ ಗೊತ್ತಿರುತ್ತಿರಲಿಲ್ಲ. ಅಧ್ಯಕ್ಷ ವಿಶ್ವೇಶ್ವರ ಇದ್ದರು. ಕೆಟ್ಟ ಮನುಷ್ಯರಲ್ಲ. ಅರ್ಜಿ ಓದಿ ಇಬ್ಬರಿಗೂ ಚಾ ತರಿಸಿಕೊಟ್ಟರು.

"ದಿನ ಮೇಡಂ ಇಟ್ಟಿದ್ದು. ನೀವು ಗದ್ದೆಗೆ ಹೋಗಿ, ಹಬ್ಬ ಮಾಡಿ," ಎಂದರು. "ಹಾಜರಿ ಸಹಿ ಮಾರನೇ ದಿನ ಸುನೀಲ ಮನೆಮನೆಗೆ ಬಂದು ತಗೊಳ್ತಾನೆ. ಯಾವಾಗಲೂ ಹಾಂಗೇ ಅಲ್ದಾ?"

"ನಾವು ಬರದೇ ಇರೋ ಸಭೆಗೆ ನಮ್ಮ ಸಹಿನಾ?" ಎಂದು ಕಿರಣ ಕೇಳಿದ.

"ಇಲ್ಲದಿದ್ರೆ ಕೋರಂ ಹೆಂಗೆ ಆಗ್ತದೆ ಮಾರಾಯ," ಎಂದರು ಅಧ್ಯಕ್ಷರು, ಬಹಳ ಸಹಜವಾಗಿ.

ಸಂಜೆಯೊಳಗೆ ಸುದ್ದಿ ಸುನೀಲನ ಕಿವಿಗೆ ಬಿತ್ತು. ಅವನು ಮಗಳನ್ನು ಬೈಯಲಿಲ್ಲ, ಮಾತು ಬಿಟ್ಟ. ಬೈದಿದ್ದರೆ ಮನೆಗೆ ನೆಮ್ಮದಿಯಾಗುತ್ತಿತ್ತು. ಊಟದ ಹೊತ್ತಿಗೆ ಮಮತಾ ಗಂಡ ಮಗಳ ನಡುವೆ ಅಂಚೆಯವಳಾದಳು.

"ನಿನ್ನ ಮಗಳಿಗೆ ಹೇಳು, ನಾಳೆ ಶಾಲೆ ಬೀಗದ ಕೈ ಗೂಟಕ್ಕೇ ಇರ್‌ಲಿ."

"ಅಮ್ಮ, ಅಪ್ಪಂಗೆ ಹೇಳು, ಏಳನೇ ತಾರೀಕಿನ ತನಕ ಕೊಡೂದಿಲ್ಲ."

"ಇಬ್ರೂ ಎದುರುಬದರೇ ಕೂತಿದೀರಿ," ಎಂದಳು ಮಮತಾ. "ನಂಗೆ ಗಂಟಲು ನೋಯ್ತದೆ. ಮೀನು ಸಾರು ಯಾರಿಗೆ ಬೇಕು, ಅದೊಂದು ಬಾಯಿಬಿಟ್ಟು ಹೇಳಿ."

ದುರ್ಗಿ ಮಾತ್ರ ತಟ್ಟೆ ಮುಂದೆ ಸರಿಸಿ ಎರಡು ಸಲ ಹಾಕಿಸಿಕೊಂಡಳು. ಜಗಳದ ಮನೆಯಲ್ಲಿ ಮೀನು ಹಾಳಾಗಬಾರದು ಎಂಬುದು ಅವಳ ಮತ.

ಹುಣ್ಣಿಮೆಯ ಹಿಂದಿನ ರಾತ್ರಿ ಹೆಂಗಸರು ಮಲಗುವ ಪದ್ಧತಿಯಿಲ್ಲ. ಕೊಟ್ಟೆ ಕಡುಬು ಬೇಯಬೇಕು, ಬೆಟ್ಟದಿಂದ ತಂದ ಹತ್ತಾರು ಬಗೆ ಸೊಪ್ಪು ಕುಡಿಗಳನ್ನು ಸೇರಿಸಿ ಹಚ್ಚಂಬಲಿ ಮಾಡಬೇಕು. ಅದು ಉಪ್ಪು ಹಾಕದ ಪಲ್ಯ, ಭೂಮಿತಾಯಿಯ ಪಾಲು. ಬೆಳಕು ಹರಿಯುವ ಮುಂಚೆ ಮನೆಯ ಗಂಡಸು ಅದನ್ನು ಗದ್ದೆಯ ತುಂಬ ಬೀರುತ್ತ, ಬಂದು ಉಣ್ಣು ತಾಯಿ ಎಂದು ಕೂಗಿ ಕರೆಯಬೇಕು. ಈ ಮನೆಯಲ್ಲಿ ಆ ಕೆಲಸ ಸುನೀಲನದಾಗಬೇಕಿತ್ತು. ಆದರೆ ಅವನು ವಾಟರ್‌ಮನ್ ಆದಾಗಿನಿಂದ, ಹನ್ನೊಂದು ವರ್ಷದಿಂದ, ಆ ಹೊತ್ತಿಗೆ ಟ್ಯಾಂಕಿನ ಬುಡದಲ್ಲಿ ವಾಲ್ವು ತಿರುಗಿಸುತ್ತಿದ್ದ. ಕೆಳಗಿನಸರಕ್ಕೆ ಐದೂವರೆಗೆ ನೀರು ಹೋಗದಿದ್ದರೆ ಐದೂ ಮೂವತ್ತೈದಕ್ಕೆ ಫೋನು ಬರುತ್ತದೆ.

ಹಾಗಾಗಿ ಈ ವರ್ಷವೂ ಚೌಡನೇ ಹೋದ. ತನುಜಾ ಉರಿಯುವ ಸೂಡಿ ಹಿಡಿದು ಮುಂದೆ ನಡೆದಳು. ಅಜ್ಜ ಬದುವಿನ ಮೇಲೆ ಎರಡು ಕಡೆ ಕೂತು ಸುಧಾರಿಸಿಕೊಂಡ. ಕೂಗಿದ ದನಿ ಅರ್ಧ ಗದ್ದೆಗೂ ಮುಟ್ಟಲಿಲ್ಲ.

"ಮುಂದಿನ ವರ್ಷಕ್ಕೆ ನನ್ನ ಕೈಲಾಗೂದಿಲ್ಲ ತನು," ಎಂದ.

"ಮತ್ತೆ ಯಾರು ಬೀರ್ತಾರೆ?"

ಚೌಡ ಟ್ಯಾಂಕಿನ ದಿಕ್ಕಿಗೆ ನೋಡಿದ. ಬಿಸಿಲೇರಿದ ಮೇಲೆ ದುರ್ಗಿ, ಮಮತಾ ಬುಟ್ಟಿ ಹೊತ್ತು ಬಂದರು. ಪೈರಿಗೆ ಪೂಜೆಯಾಯಿತು, ಕಾಗೆಗೆ ಎಡೆಯಾಯಿತು, ಒಂದು ಕಡುಬನ್ನು ಗದ್ದೆಯ ಮಣ್ಣಿನಲ್ಲಿ ಹೂತರು. ಸುತ್ತಲಿನ ಗದ್ದೆಗಳಲ್ಲೂ ಎಲ್ಲರೂ ಹಾಗೆಯೇ ಬಾಳೆಎಲೆ ಹಾಸಿಕೊಂಡು ಕೂತಿದ್ದರು. ಇಪ್ಪತ್ತೆರಡು ಮನೆಯೂ ಗದ್ದೆಯಲ್ಲಿತ್ತು. ಅದೇ ಹೊತ್ತಿಗೆ ಕೆಳಗಿನಸರದ ಸಭಾಭವನದಲ್ಲಿ ಸುನೀಲ ಹಾಕಿದ ನೂರು ಕುರ್ಚಿಯಲ್ಲಿ ಒಂಬತ್ತು ಜನ ಕೂತು, ಅವಲಕ್ಕಿ ತಿಂದು, ಎಲ್ಲ ವಿಷಯಗಳನ್ನೂ ಸರ್ವಾನುಮತದಿಂದ ಪಾಸು ಮಾಡಿದರು.

ಮಾರನೆಯ ಬೆಳಿಗ್ಗೆ ಸುನೀಲ ಹಾಜರಿ ಪುಸ್ತಕ ತಂದ. ಆ ಒಂಬತ್ತು ಸಹಿ ಬಿಟ್ಟರೆ ಅದು ಖಾಲಿ, ಕೋರಂಗೆ ಬೇಕಾದ ಉಳಿದ ಸಹಿಯೆಲ್ಲ ಈ ಕೇರಿಯಿಂದಲೇ ಬರಬೇಕು. ಸಹಿ ಬೀಳದಿದ್ದರೆ ಸಭೆ ನಡೆದಂತೆ ಆಗುವುದಿಲ್ಲ, ಬಿದ್ದರೆ ಶಾಲೆ ಕಸದ ಕೊಟ್ಟಿಗೆಯಾಗುತ್ತದೆ. ಮನೆಯ ಎಲ್ಲರಿಗೂ ಅದು ಗೊತ್ತಿತ್ತು. ಮನೆಯಿಂದಲೇ ಶುರುವಾಗಲಿ ಎಂದು ಅವನು ಪುಸ್ತಕವನ್ನೂ ಶಾಯಿಯ ಡಬ್ಬಿಯನ್ನೂ ತಾಯಿಯ ಮುಂದೆ ಇಟ್ಟ. ಹೆಬ್ಬೆಟ್ಟಿನವಳು ಸುಲಭ ಎಂದುಕೊಂಡಿರಬೇಕು.

"ಇದೆಂತ ಮಗಾ?"

"ನಿನ್ನೆ ಸಭೆಗೆ ಬಂದಿದ್ದೆ ಅಂತ ಒಂದು ಒತ್ತು ಅವ್ವ."

"ನಿನ್ನೆ ನಾ ಗದ್ದೆಲಿದ್ದೆ."

"ಅದು ಗೊತ್ತದೆ. ಇದು ಸುಮ್ನೆ ಪುಸ್ತಕಕ್ಕೆ."

ದುರ್ಗಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. "ನಿನ್ನೆ ಆ ತಾಯಿ ಮುಂದೆ ಕೂತು, ನಿಂಗೆ ಉಣ್ಸಾಕೆ ಬಂದೀನಿ ಅಂತ ಹೇಳಿ ಬಂದೀನಿ. ಇವತ್ತು, ನಿನ್ನೆ ನಾ ಅಲ್ಲಿರ್ಲಿಲ್ಲ, ಕೆಳಗಿನಸರದಾಗೆ ಕುರ್ಚಿ ಮೇಲೆ ಇದ್ದೆ ಅಂತ ಒತ್ತಬೇಕಾ? ನಾ ಒತ್ತೂದಿಲ್ಲ."

"ಅವ್ವ, ಭೂಮಿ ಬಂದು ಪುಸ್ತಕ ಓದ್ತದಾ?"

"ಓದೂದಿಲ್ಲ. ನಂಗೂ ಓದಾಕೆ ಬರೂದಿಲ್ಲ. ನಮ್ಮಿಬ್ರ ಮಧ್ಯೆ ಬಾಯಿಮಾತೇ ಇರೂದು. ಅದ್ಕೇ ಸುಳ್ಳು ಹೇಳಾಕಾಗೂದಿಲ್ಲ."

ಸುನೀಲ ಅಪ್ಪನ ಕಡೆ ತಿರುಗಿದ. ಚೌಡನಿಗೆ ಸಹಿ ಬರುತ್ತಿತ್ತು. ಅವನು ಪೆನ್ನು ಹಿಡಿದ, ಕ್ಯಾಪು ತೆಗೆದ, ಹೆಂಡತಿಯ ಮುಖ ನೋಡಿದ.

"ಉಪ್ಪು ತಿಂದ ಮನೆ ದುರ್ಗಿ," ಎಂದ ಮೆಲ್ಲಗೆ.

"ಉಪ್ಪು ಪಂಚಾಯ್ತಿದು ಇರ್‌ಲಿ. ಅನ್ನ ಯಾರ್ದು?"

ಚೌಡ ಪೆನ್ನಿಗೆ ಮತ್ತೆ ಕ್ಯಾಪು ಹಾಕಿ ಮಗನ ಜೇಬಿಗೇ ಸಿಕ್ಕಿಸಿದ. ಮಮತಾ ಕೈ ಹಿಟ್ಟಾಗಿದೆ ಎಂದಳು. ತನುಜಾಳನ್ನು ಸುನೀಲ ಕೇಳಲೇ ಇಲ್ಲ. ಅವಳೂ ಗೆದ್ದೆ ಎಂಬ ಮುಖ ಮಾಡಲಿಲ್ಲ. ಅಪ್ಪ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಅಂಗಳ ಇಳಿಯುವುದನ್ನು ಬಾಗಿಲವರೆಗೆ ಬಂದು ನೋಡಿದಳು.

ಪಕ್ಕದ ಮನೆಯಲ್ಲಿ ಕಿರಣನ ಅಜ್ಜ ವೀರಪ್ಪ ಕನ್ನಡಕ ಹಾಕಿಕೊಂಡು, ಹಾಳೆಯನ್ನು ಮೇಲಿಂದ ಕೆಳಗೆ ನೋಡಿ ಒಂದೇ ಮಾತು ಕೇಳಿದ. "ನಿಮ್ಮವ್ವ ಒತ್ತಿದ್ರಾ?"

ಹೌದು ಎಂದಿದ್ದರೆ ಸಾಕಿತ್ತು. ಕೇರಿಯಲ್ಲಿ ದುರ್ಗಿ ಒತ್ತಿದಳು ಎಂದಮೇಲೆ ಉಳಿದವರದೆಲ್ಲ ಅರ್ಧ ಗಂಟೆಯ ಕೆಲಸ. ಸುನೀಲ ಶಾಯಿಯ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದ.

"ಇಲ್ಲ," ಎಂದ. "ಗದ್ದೆಲಿದ್ದೆ ಅಂತಾಳೆ."

"ನಾನೂ ಗದ್ದೆಲೇ ಇದ್ದೆ ಮಾರಾಯ," ಎಂದು ವೀರಪ್ಪ ಕನ್ನಡಕ ತೆಗೆದಿಟ್ಟ. "ಕೂತ್ಕ, ಕಡುಬು ಮಿಕ್ಕದೆ."

ಮುಂದಿನ ಮನೆಗಳಲ್ಲೂ ಇದೇ ಆಯಿತು. ಯಾರೂ ಜೋರು ಮಾತಾಡಲಿಲ್ಲ. ಎಲ್ಲರೂ ಕಡುಬು ಕೊಟ್ಟರು, ಯಾರೂ ಸಹಿ ಕೊಡಲಿಲ್ಲ. ಮಧ್ಯಾಹ್ನ ಸುನೀಲ ತುಂಬಿದ ಹೊಟ್ಟೆ, ಖಾಲಿ ಪುಸ್ತಕ ಹೊತ್ತು ಕೆಳಗಿನಸರಕ್ಕೆ ಹೋದ.

ಪಿ.ಡಿ.ಒ. ವೇದಾ ಅವತ್ತು ಕಚೇರಿಯಲ್ಲಿದ್ದರು. ಗದಗ ಕಡೆಯವರು, ಬಂದು ಐದು ತಿಂಗಳಾಗಿತ್ತು. ಖಾಲಿ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಎದುರು ಕೂತಿದ್ದ ವಿಶ್ವೇಶ್ವರ, "ಎಂತ ಸುನೀಲ ಇದು? ಹನ್ನೊಂದು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ," ಎಂದರು.

ಸುನೀಲ ಮೇಡಂ ಕಡೆಗೇ ನೋಡಿ ಹೇಳಿದ. "ಅವತ್ತು ನಮ್ಮ ಕೇರಿಯವ್ರೆಲ್ಲ ಗದ್ದೆಲಿದ್ರು ಮೇಡಂ. ಭೂಮಿ ಹುಣ್ಣಿಮೆ. ಇಲ್ಲದೋರು ಇದ್ದೀವಿ ಅಂತ ಹೆಂಗೆ ಸಹಿ ಹಾಕೂದು ಅಂತಾರೆ. ನಮ್ಮವ್ವನೇ ಮೊದ್ಲು ಅಂದಿದ್ದು. ಬೇರೆಯವ್ರ ತಪ್ಪಿಲ್ಲ. ನನ್ನ ಮೇಲೆ ಎಂತ ಬೇಕಾದ್ರೂ ಮಾಡಿ."

ವೇದಾ ತಲೆಯೆತ್ತಿದರು. "ಸೀಗಿ ಹುಣ್ಣಿವಿ ಏನ್ರಿ?"

"ನಮ್ಮಲ್ಲಿ ಭೂಮಿ ಹುಣ್ಣಿಮೆ ಅಂತೀವಿ. ಗದ್ದೆಗೆ ಉಣ್ಸೂದು."

"ನಮ್ಮಲ್ಲೂ ಐತ್ರಿ. ಹೊಲಕ್ಕ ಹೋಗಿ ಚರಗ ಚೆಲ್ತೀವಿ." ಅವರು ಪುಸ್ತಕ ಮುಚ್ಚಿದರು. "ಅವತ್ತ ಮುಂಜಾನೆ ನಮ್ಮವ್ವ ಮೂರು ಸಲ ಫೋನ್ ಮಾಡಿದ್ಲು. ಸಭಾದಾಗ ಅದೀನಿ ಅಂತ ಎತ್ತಲಿಲ್ಲ ನಾ. ಕ್ಯಾಲೆಂಡರಿನ್ಯಾಗ ಸರ್ಕಾರಿ ರಜಾ ಅಂತ ಇತ್ತು, ಅಷ್ಟ ನೋಡಿದ್ನಿ." ವಿಶ್ವೇಶ್ವರರ ಕಡೆ ತಿರುಗಿದರು. "ನಿಮಗ ಗೊತ್ತಿತ್ತಲ್ರಿ ಅಧ್ಯಕ್ಷರ, ಒಂದ ಮಾತು ಹೇಳಬಾರದ?"

"ಸಹಿ ಆಗ್ತದಲ್ಲ ಹೆಂಗೂ ಅಂತ," ಎಂದರು ಅಧ್ಯಕ್ಷರು, ಕಿಟಕಿಯ ಆಚೆ ನೋಡುತ್ತ.

ವೇದಾ ಪೆನ್ನು ತೆಗೆದು ಪುಸ್ತಕದಲ್ಲಿ ಬರೆದರು: ಗ್ರಾಮಸ್ಥರು ಗದ್ದೆಯಲ್ಲಿದ್ದ ಕಾರಣ ಕೋರಂ ಇಲ್ಲ, ಸಭೆ ಮುಂದೂಡಲಾಗಿದೆ. ಬರೆದು ಕೆಳಗೆ ತಮ್ಮ ಸಹಿ ಹಾಕಿದರು. ಮುಂದಿನ ಸಭೆ ಎಲ್ಲಿ ಎಂದು ವಿಶ್ವೇಶ್ವರ ಕೇಳಿದಾಗ, ವಿಷಯ ಯಾವ ಕಟ್ಟಡದ್ದೋ ಅದರ ಜಗುಲಿಯ ಮೇಲೇ ಎಂದರು. ಸುನೀಲನಿಗೆ ಕೈ ಮುಗಿಯಬೇಕೆನಿಸಿತು, ಮುಗಿದ.

ಅವನು ಮನೆಗೆ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತ. ಮಮತಾ ಸಾರಿನ ಪಾತ್ರೆ ಎತ್ತಲು ಹೋದಳು.

"ತನು," ಎಂದ ಸುನೀಲ, "ಸಾರು ನೀ ಹಾಕು."

ತನುಜಾ ಓಡಿ ಬಂದು ಹಾಕಿದಳು. ಹೆಚ್ಚೇ ಹಾಕಿದಳು, ತಟ್ಟೆಯಿಂದ ಹೊರಗೂ ಸ್ವಲ್ಪ ಚೆಲ್ಲಿತು. ಊಟ ಮುಗಿಯುವವರೆಗೆ ಅವನು ನಡೆದದ್ದನ್ನೆಲ್ಲ ಹೇಳಿದ. ಮಮತಾ ಅಂದು ಅಂಚೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟಳು.

ಎರಡು ವಾರದ ನಂತರ ಶಾಲೆಯ ಜಗುಲಿಯಲ್ಲಿ ಸಭೆ ಸೇರಿತು. ಜಗುಲಿ ಸಾಲದೆ ಜನ ಅಂಗಳದಲ್ಲಿ ನಿಂತರು. ತನುಜಾ ಎರಡು ಪುಟ ಭಾಷಣ ಬರೆದುಕೊಂಡಿದ್ದಳು, ಎದ್ದು ನಿಂತಾಗ ಅದು ನೆನಪಿಗೆ ಬರಲಿಲ್ಲ. ಗೋಡೆ ತೋರಿಸಿದಳು.

"ಮೇಡಂ, ಶಿರಸಿಲಿ ಯಾವ ಊರು ಅಂತ ಕೇಳಿದ್ರೆ ನೇರಲಜಡ್ಡಿ ಅಂತೀನಿ. ಅದೆಲ್ಲದೆ ಅಂತಾರೆ. ಫೋನಿನಾಗೆ ಈ ಗೋಡೆ ಫೋಟೋ ತೋರ್ಸ್ತೀನಿ. ನಮ್ಮ ಊರು ಅದೆ ಅನ್ನೂದಕ್ಕೆ ನಮ್ಮತ್ರ ಇರೂ ದಾಖಲೆ ಇದೊಂದೇ. ಇದರ ಮೇಲೆ ಕಸದ ಚೀಲ ಒಟ್ಬೇಡಿ."

"ಬ್ಯಾಡ ಅನ್ನೋದು ಸರಳ ಐತವ್ವ," ಎಂದರು ವೇದಾ. "ಕಸ ಎಲ್ಲಿ ಇಡೂಣು? ನಿಮ್ಮ ಕೇರಿ ಪ್ಲಾಸ್ಟಿಕ್ ಹಳ್ಳದಾಗ ಬಿದ್ದದ್ದು ಬರೂ ದಾರಿಯೊಳಗ ನೋಡಿದ್ನಿ."

ತನುಜಾ ತಲೆ ತಗ್ಗಿಸಿದಳು, ಅದು ನಿಜವಾಗಿತ್ತು. ಕಿರಣ ಎದ್ದ. "ಪಂಚಾಯ್ತಿ ಹಿಂದೆ ಗೋದಾಮು ಅದೆ ಮೇಡಂ. ಮುರಿದ ಕುರ್ಚಿ ತುಂಬಿದಾರೆ. ಅಲ್ಲಿ ಮಾಡಿ, ವಾರಕ್ಕೆರಡು ಸಲ ನಮ್ಮ ಕೇರಿ ಕಸ ನಾವೇ ತಂದು ಕೊಡ್ತೀವಿ."

"ಪಂಚಾಯ್ತಿ ಬುಡದಲ್ಲೇ ಕಸವಾ?" ಎಂದರು ವಿಶ್ವೇಶ್ವರ. "ಬಂದವರು ಎಂತ ಹೇಳ್ತಾರೆ?"

"ಶಾಲೆಗೆ ಬಂದವ್ರು ಎಂತ ಹೇಳ್ತಿದ್ರೋ ಅದನ್ನೇ ಹೇಳ್ತಾರೆ," ಎಂದಳು ದುರ್ಗಿ ಹಿಂದಿನಿಂದ. ಜನ ನಕ್ಕರು. ಸ್ವಲ್ಪ ತಡವಾಗಿ ಅಧ್ಯಕ್ಷರೂ ನಕ್ಕರು.

ಚೌಡ ಕೋಲೂರಿ ಎದ್ದ. ಅವನ ಮಾತು ವೇದಾ ಅವರಿಗಿಂತ ಗೋಡೆಗೇ ಹೇಳಿದಂತಿತ್ತು. "ಗದ್ದೆ ಕೊಟ್ಟದ್ದು ಸರ್ಕಾರ, ಶಾಲೆ ಕೊಟ್ಟದ್ದು ಸರ್ಕಾರ. ಆ ಉಪಕಾರ ಮರೆಯೂದಿಲ್ಲ. ಕೊಟ್ಟದ್ದನ್ನ ಚೆನ್ನಾಗಿ ಇಟ್ಕೊಂಡಿದೀವಿ ಅಂತ ತೋರ್ಸೂದೂ ಉಪಕಾರ ಸ್ಮರಣೆನೇ ಅಲ್ದಾ? ಹುಡುಗ್ರು ಅದನ್ನೇ ಮಾಡ್ತಾವೆ."

ಶಾಲೆ ಉಳಿಯಿತು. ಸುನೀಲ ಪುಸ್ತಕ ಹಿಡಿದು ಬಂದಾಗ ದುರ್ಗಿ ತಾನಾಗಿ ಹೆಬ್ಬೆಟ್ಟು ಮುಂದೆ ಚಾಚಿದಳು. "ಇವತ್ತು ಇದ್ದೀನಿ," ಎಂದಳು. "ಇವತ್ತಿಂದು ಎಷ್ಟು ಬೇಕೋ ಒತ್ತಿಸ್ಕ."

ಗದ್ದೆ ಕೊಯ್ಲಾಯಿತು. ಹೂತ ಕಡುಬನ್ನು ತೆಗೆದು ಎಲ್ಲರೂ ಚೂರು ಚೂರು ಹಂಚಿಕೊಂಡರು. ಗೋದಾಮಿನ ಕುರ್ಚಿಗಳು ಮಳೆಗಾಲಕ್ಕೆ ಮುಂಚೆ ಹೊರಬಂದವು. ಶಾಲೆಯ ಒಡೆದ ಹಂಚಿಗೆ ಪಂಚಾಯ್ತಿ ಕಾಸು ಕೊಡಲಿಲ್ಲ, ಹುಡುಗರೇ ಹತ್ತಿ ಹೊದಿಸಿದರು. ಸುನೀಲನ ಫೈಲು ತಾಲೂಕಿನಲ್ಲಿ ಮೊದಲಿನ ಹಾಗೆಯೇ ಕೂತಿತ್ತು. ಏಳಲೂ ಇಲ್ಲ, ಮಲಗಲೂ ಇಲ್ಲ.

ಮರುವರ್ಷದ ಭೂಮಿ ಹುಣ್ಣಿಮೆಯ ಹಿಂದಿನ ಸಂಜೆ ತನುಜಾ ಅಪ್ಪನ ಮುಂದೆ ಕೈಯೊಡ್ಡಿದಳು.

"ವಾಲ್ವಿನ ಕೀಲಿ ಕೊಡು."

"ಎಂತಕ್ಕೆ?"

"ನಾಳೆ ನೀರು ನಂದು, ಗದ್ದೆ ನಿಂದು. ವೇದಾ ಮೇಡಂನ ಕೇಳೀನಿ. ನೀರು ಹೋದ್ರೆ ಸಾಕು, ಯಾರು ಬಿಟ್ರೂ ಅಡ್ಡಿಲ್ಲ ಅಂದ್ರು."

ಸುನೀಲ ಎಷ್ಟು ಸುತ್ತು, ಯಾವ ಕಡೆಗೆ ಎಂದು ನಾಲ್ಕು ಸಲ ಹೇಳಿಕೊಟ್ಟ. ಅವಳು ಸಣ್ಣವಳಿದ್ದಾಗಿನಿಂದ ನೋಡುತ್ತಿದ್ದ ಕೆಲಸ ಅದು, ಆದರೂ ನಾಲ್ಕು ಸಲ ಕೇಳಿಸಿಕೊಂಡಳು.

ಬೆಳಗಿನ ಜಾವ ಸುನೀಲ ಹಚ್ಚಂಬಲಿಯ ಬುಟ್ಟಿ ಹಿಡಿದು ಗದ್ದೆಗಿಳಿದ. ಒಂದು ಹಿಡಿ ಬೀರಿದ, ಕೂಗದೆ ಇನ್ನೊಂದು ಹಿಡಿ ಬೀರಿದ. ಹನ್ನೆರಡು ವರ್ಷ ಕರೆಯದೇ ಇದ್ದವಳನ್ನು ಹೇಗೆ ಕರೆಯುವುದು. ಬದುವಿನ ಮೇಲೆ ಕೂತ ಚೌಡ, "ಕೂ ಹಾಕು ಮಗಾ, ಅವ್ಳೇನು ಸಿಟ್ಟಾಗಿಲ್ಲ," ಎಂದ. ಆಗ ಸುನೀಲ ಕೂಗಿದ. ಟ್ಯಾಂಕಿನ ಬುಡದಲ್ಲಿ ವಾಲ್ವು ತಿರುಗಿಸುತ್ತಿದ್ದ ತನುಜಾಳಿಗೆ ಅಪ್ಪನ ದನಿ ಅಲ್ಲಿಯವರೆಗೂ ಕೇಳಿಸಿತು. ಅವಳು ಕಣ್ಣೊರೆಸಿಕೊಂಡು ಇನ್ನೆರಡು ಸುತ್ತು ತಿರುಗಿಸಿದಳು. ಐದೂವರೆಗೆ ಸರಿಯಾಗಿ ನೀರು ಹೋಯಿತು.

ಪೂಜೆ ಮುಗಿದು ಎಡೆಯಾದ ಮೇಲೆ, ತಾನು ಉಣ್ಣುವ ಮುಂಚೆ, ಸುನೀಲ ಬಾಳೆಎಲೆಯಲ್ಲಿ ಕಡುಬು ಕಟ್ಟಿಕೊಂಡು ಮಗಳ ಹತ್ತಿರ ಬಂದ. ಅವಳು ಶಾಲೆಯ ಜಗುಲಿಯಲ್ಲಿ ಪಂಚಾಯ್ತಿಯ ನೀರಿನ ಪುಸ್ತಕ ಬಿಚ್ಚಿಕೊಂಡು ಕೂತಿದ್ದಳು. ತಾರೀಕು, ವೇಳೆ ಎಲ್ಲ ಬರೆದಾಗಿತ್ತು. ಕೊನೆಯಲ್ಲಿ ಸಹಿಯ ಮನೆ ಖಾಲಿಯಿತ್ತು. ಅದರ ಮೇಲಿನ ಹನ್ನೆರಡು ವರ್ಷದ ಸಾಲುಗಳಲ್ಲೆಲ್ಲ ಒಂದೇ ಸಹಿ.

"ಅಪ್ಪ, ಇಲ್ಲಿ ನೀನೇ ಹಾಕ್ತೀಯಾ?"

"ನಾ ಎಲ್ಲಿದ್ದೆ ಇವತ್ತು?"

"ಗದ್ದೆಲಿ."

"ಮತ್ತೆ?" ಎಂದು ಸುನೀಲ ಎಲೆ ಬಿಚ್ಚಿ ಅವಳ ಮುಂದೆ ಇಟ್ಟ. "ನೀರು ಬಿಟ್ಟೋರು ಹಾಕ್ಲಿ. ಇಲ್ಲದೋರ ಸಹಿ ನಮ್ಮನೇಲಿ ಹಾಕೂ ಪದ್ಧತಿಯಿಲ್ಲ."

ತನುಜಾ ತನ್ನ ಹೆಸರು ಬರೆದಳು. ಪಕ್ಕದಲ್ಲಿ, ಯಾರೂ ಕೇಳದಿದ್ದರೂ, ನೇರಲಜಡ್ಡಿ ಎಂದು ಬರೆದಳು. ಆಮೇಲೆ ಕಡುಬನ್ನು ಎರಡು ಪಾಲು ಮಾಡಿ, ದೊಡ್ಡದನ್ನು ಅಪ್ಪನಿಗೆ ಕೊಟ್ಟಳು.